ಮೊದಲು ಕೈ ಪಳಗಲಿ, ನಾಯಿ ಆಮೇಲೆ

ಪ್ರಶ್ನೆ: ನನಗೆ 56 ವರ್ಷ. ಹಾಸನದ ವಿದ್ಯಾನಗರದಲ್ಲಿ ಇದ್ದೇವೆ. ಮಗ ಬೆಂಗಳೂರಿನಲ್ಲಿ ಸಾಕಿದ್ದ ಲ್ಯಾಬ್ರಡಾರ್ ನಾಯಿಯನ್ನು ಆರು ತಿಂಗಳ ಹಿಂದೆ ನಮ್ಮ ಹತ್ತಿರ ಬಿಟ್ಟುಹೋದ. ಹೆಸರು ಬ್ರೂನೋ, ಎರಡು ವರ್ಷ, 32 ಕೆ.ಜಿ. ಮನೆಯೊಳಗೆ ಬಂಗಾರದಂಥವನು. ಗೇಟು ದಾಟಿದರೆ ಎಳೆದುಕೊಂಡೇ ಹೋಗುತ್ತಾನೆ. ಬೀದಿ ನಾಯಿ ಕಂಡರೆ ಎರಡು ಕಾಲ ಮೇಲೆ ನಿಂತು ಬೊಗಳುತ್ತಾನೆ. ಚೈನನ್ನು ಕೈಗೆ ಸುತ್ತಿಕೊಂಡು ಹಿಡಿಯುತ್ತೇನೆ, ಮಣಿಕಟ್ಟು ನೋವು ಬಂದಿದೆ. ಹೋದ ತಿಂಗಳು ಬಿದ್ದೂ ಬಿಟ್ಟೆ. ಈಗ ಅವನನ್ನು ಹೊರಗೆ ಕರೆದುಕೊಂಡು ಹೋಗುವುದಕ್ಕೇ ಭಯ. ಮಗ ಫೋನಿನಲ್ಲಿ "ಜೋರಾಗಿ ಜಗ್ಗಮ್ಮಾ, ನೀನೇ ಬಾಸ್ ಅಂತ ತೋರಿಸು" ಅಂತಾನೆ. ಯಜಮಾನರು "ಯಾವುದಾದರೂ ತೋಟದ ಮನೆಗೆ ಕೊಟ್ಟುಬಿಡೋಣ" ಅಂತಾರೆ. ಏನು ಮಾಡಲಿ?

ಉತ್ತರ: ಅಮ್ಮಾ, ಚೈನನ್ನು ಕೈಗೆ ಸುತ್ತಿಕೊಳ್ಳುವುದನ್ನು ಇವತ್ತೇ ನಿಲ್ಲಿಸಿ. ಉಳಿದದ್ದೆಲ್ಲ ಆಮೇಲೆ. ಸುತ್ತಿಕೊಂಡರೆ ಹಿಡಿತ ಗಟ್ಟಿ ಅನ್ನಿಸುತ್ತದೆ. ಆದರೆ 32 ಕೆ.ಜಿ. ನಾಯಿ ಒಮ್ಮೆಲೇ ಜಿಗಿದಾಗ ಆ ಸುತ್ತು ಬಿಗಿದುಕೊಳ್ಳುತ್ತದೆ. ಬೆರಳು ಮುರಿಯಬಹುದು, ಭುಜ ಉಳುಕಬಹುದು. ಬಿದ್ದರೆ ಬಿಡಿಸಿಕೊಳ್ಳುವುದಕ್ಕೂ ಆಗುವುದಿಲ್ಲ. ಸುಮ್ನೆ ಹೆದರಿಸೋಕೆ ಹೇಳುತ್ತಿಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. 2001ರಿಂದ 2020ರವರೆಗೆ ಆ ದೇಶದಲ್ಲಿ ಲೀಶ್ (ನಾಯಿಯನ್ನು ಹಿಡಿದು ನಡೆಸುವ ಪಟ್ಟಿ) ಹಿಡಿದು ನಾಯಿ ನಡೆಸುವಾಗ ಗಾಯಗೊಂಡು ತುರ್ತು ಚಿಕಿತ್ಸೆಗೆ ಬಂದ ವಯಸ್ಕರು 4 ಲಕ್ಷಕ್ಕೂ ಜಾಸ್ತಿ. ಅವರಲ್ಲಿ ಸುಮಾರು ಮುಕ್ಕಾಲು ಪಾಲು ಹೆಂಗಸರು. ಎಲ್ಲಕ್ಕಿಂತ ಹೆಚ್ಚು ಕಂಡ ಗಾಯ ಬೆರಳಿನ ಮೂಳೆ ಮುರಿತ. ನಿಮ್ಮ ಮಣಿಕಟ್ಟು ಇನ್ನೂ ನೋಯುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಮುಲಾಮು ಹಚ್ಚಿಕೊಂಡು ದಿನ ದೂಡಬೇಡಿ.

ಇನ್ನು ಭಯದ ವಿಷಯ. ಬಿದ್ದವರಿಗೆ ಭಯ ಬರುವುದು ಸಹಜ. "ಧೈರ್ಯವಾಗಿರಿ" ಅಂತ ಯಾರೋ ಹೇಳಿದರೆ ಧೈರ್ಯ ಬರುವುದಿಲ್ಲ. ನಾಯಿ ಜಿಗಿದಾಗ ಕೈ ಎಲ್ಲಿರಬೇಕು, ಕಾಲು ಎಲ್ಲಿರಬೇಕು ಅಂತ ಮೈಗೆ ಗೊತ್ತಿದ್ದರೆ ಅದು ತಾನಾಗಿ ಬರುತ್ತದೆ. ನಾಯಿಗೆ ಕಲಿಸಿಕೊಡಿ ಅಂತ ಬರುವವರಿಗೆ ನಾನು ಮೊದಲು ಅವರ ಕೈಗೇ ಪಾಠ ಶುರು ಮಾಡುತ್ತೇನೆ. ಕಾರಣ ಇದೆ.

ದೂರದಲ್ಲಿ ಬೀದಿ ನಾಯಿ ಕಂಡ ಕೂಡಲೇ ನೀವು ಏನು ಮಾಡುತ್ತೀರಿ, ನೆನಪಿಸಿಕೊಳ್ಳಿ. ಉಸಿರು ಬಿಗಿಹಿಡಿಯುತ್ತೀರಿ. ಚೈನನ್ನು ಗಿಡ್ಡ ಮಾಡುತ್ತೀರಿ. "ಬೇಡ ಬ್ರೂನೋ, ಬೇಡ ಬೇಡ" ಅನ್ನುತ್ತೀರಿ. ಎಷ್ಟೋ ಸಲ ಬ್ರೂನೋ ಆ ನಾಯಿಯನ್ನು ಇನ್ನೂ ನೋಡಿಯೇ ಇರುವುದಿಲ್ಲ. ಆದರೆ ಕೊರಳು ಬಿಗಿಯಾಯಿತು, ಅಮ್ಮನ ದನಿ ಬದಲಾಯಿತು. ಏನೋ ಇದೆ ಅಂತ ತಲೆ ಎತ್ತುತ್ತಾನೆ, ಎದುರಿಗೆ ನಾಯಿ. ದಿನಾ ಹೀಗೇ ಆದರೆ ಇನ್ನೊಂದು ನಾಯಿ ಬಂತು ಅಂದರೆ ಕೊರಳಿಗೆ ಹಿಂಸೆ ಬಂತು ಅನ್ನುವುದು ಅವನ ತಲೆಯಲ್ಲಿ ಕೂತುಬಿಡುತ್ತದೆ. ಬೊಗಳುವುದು ಜಾಸ್ತಿಯಾಗುತ್ತದೆ, ನೀವು ಇನ್ನೂ ಬಿಗಿ ಹಿಡಿಯುತ್ತೀರಿ. ಇದರಲ್ಲಿ ನಿಮ್ಮ ತಪ್ಪೂ ಇಲ್ಲ, ಅವನ ತಪ್ಪೂ ಇಲ್ಲ. ಆದರೆ ಈ ಸುತ್ತನ್ನು ಕಡಿಯುವುದು ನಿಮ್ಮ ಕೈಯಲ್ಲಿ ಮಾತ್ರ ಸಾಧ್ಯ.

ಮಗ ಹೇಳಿದ "ಬಾಸ್" ಮಾತಿಗೆ ಬರೋಣ. ಅವನ ಮೇಲೆ ಬೇಜಾರು ಬೇಡ, ಆ ಮಾತು ಎಲ್ಲ ಕಡೆ ಓಡಾಡುತ್ತಿದೆ. ಅದರ ಬೇರು ತೋಳಗಳ ಬಗ್ಗೆ ನಡೆದ ಹಳೆಯ ಅಧ್ಯಯನದಲ್ಲಿದೆ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬ ಸಂಶೋಧಕರು ಮೃಗಾಲಯದಲ್ಲಿ ಒಟ್ಟಿಗೆ ಕೂಡಿಹಾಕಿದ್ದ ತೋಳಗಳನ್ನು ನೋಡಿ, ಅವು ಮೇಲುಗೈಗಾಗಿ ಹೇಗೆ ಕಾದಾಡುತ್ತವೆ ಅಂತ ಬರೆದರು. ಮುಂದೆ ಡೇವಿಡ್ ಮೆಕ್ ಎಂಬ ತೋಳ ತಜ್ಞರು ಕಾಡಿನಲ್ಲೇ ವರ್ಷಗಟ್ಟಲೆ ನೋಡಿ, 1999ರಲ್ಲಿ ಆ ಚಿತ್ರ ಸರಿಯಲ್ಲ ಅಂತ ತೋರಿಸಿಕೊಟ್ಟರು. ಕಾಡಿನ ತೋಳದ ಗುಂಪು ಅಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳು. ಅಲ್ಲಿ ದಿನಾ ಯಜಮಾನಿಕೆಯ ಜಗಳ ಇರುವುದಿಲ್ಲ. ಹಾಗಾಗಿ ಬ್ರೂನೋ ನಿಮ್ಮ ಮೇಲೆ ಅಧಿಕಾರ ಚಲಾಯಿಸೋಕೆ ಎಳೆಯುತ್ತಿಲ್ಲ. ನಾಯಿಯ ಸಹಜ ನಡಿಗೆ ನಮ್ಮದಕ್ಕಿಂತ ಜೋರು. ಮುಂದೆ ಏನೋ ವಾಸನೆ ಇದೆ, ಎಳೆದ, ನೀವು ಹಿಂದೆ ಹೋದಿರಿ, ಅವನಿಗೆ ಬೇಕಾದದ್ದು ಸಿಕ್ಕಿತು. ಎಳೆದರೆ ಸಿಗುತ್ತದೆ ಅಂತ ಆರು ತಿಂಗಳಿಂದ ಕಲಿತಿದ್ದಾನೆ, ಅಷ್ಟೆ.

ಜಗ್ಗುವುದರಿಂದ ಆಗುವ ಕೆಡುಕನ್ನೂ ಹೇಳಿಬಿಡುತ್ತೇನೆ. ನಾಯಿಯ ಕೊರಳಿನಲ್ಲೂ ಉಸಿರುನಾಳ, ರಕ್ತನಾಳ, ಥೈರಾಯ್ಡ್ ಎಲ್ಲ ಇವೆ. ಕಾಲರ್ ಎಳೆತದಿಂದ ಕಣ್ಣಿನೊಳಗಿನ ಒತ್ತಡ ಏರುತ್ತದೆ, ಕೊರಳಿನ ಬದಲು ಎದೆ, ಬೆನ್ನು ಬಳಸಿ ಹಾಕುವ ಪಟ್ಟಿ ಅಂದರೆ ಹಾರ್ನೆಸ್ ಹಾಕಿದಾಗ ಹಾಗೆ ಏರುವುದಿಲ್ಲ ಅಂತ 2006ರಲ್ಲೇ ಒಂದು ಅಧ್ಯಯನ ಪ್ರಕಟವಾಗಿದೆ. ಚೈನ್ ಜಗ್ಗಿ ನಡೆಸಿದ ನಾಯಿ ಕೆಲವು ದಿನ ಸುಮ್ಮನಾದಂತೆ ಕಾಣಬಹುದು. ಆ ಸುಮ್ಮನಿರುವಿಕೆ ನೋವಿಗೆ ಹೆದರಿ ಬಂದದ್ದು. ನನಗೆ ಅದು ಬೇಡ, ನಿಮಗೂ ಬೇಡ.

ಸಾಮಾನಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕಬ್ಬಿಣದ ಚೈನು ತೆಗೆದಿಡಿ. ಅದು ಕೈಯನ್ನು ಕೊಯ್ಯುತ್ತದೆ, ಸದ್ದು ಮಾಡುತ್ತದೆ, ನಾಯಿಯ ಎಳೆತ ಎಷ್ಟಿದೆ ಅಂತ ಬೆರಳಿಗೆ ಗೊತ್ತಾಗುವುದಿಲ್ಲ. ಗುಂಡಿ ಒತ್ತಿದರೆ ಉದ್ದ ಆಗುವ ಲೀಶೂ ಬೇಡ. ಅದು ಸದಾ ಸ್ವಲ್ಪ ಬಿಗಿಯಾಗಿಯೇ ಇರುತ್ತದೆ, ಎಳೆದಷ್ಟೂ ಬಿಚ್ಚಿಕೊಳ್ಳುತ್ತದೆ. ಅಂದರೆ ಎಳೆಯುವುದನ್ನೇ ಕಲಿಸುತ್ತದೆ. 6 ಅಡಿ ಉದ್ದದ, ಚಪ್ಪಟೆಯಾದ, ಮೆತ್ತಗಿನ ನೈಲಾನ್ ಅಥವಾ ಹತ್ತಿಯ ಲೀಶ್ ಸಾಕು. ಜೊತೆಗೆ ಎದೆಯ ಮುಂಭಾಗದಲ್ಲಿ ರಿಂಗ್ ಇರುವ ಹಾರ್ನೆಸ್. ಬೆನ್ನ ಮೇಲಿನ ರಿಂಗಿಗೆ ಮಾತ್ರ ಹಾಕಿದರೆ ನಾಯಿ ಇಡೀ ಮೈಯ ಬಲ ಹಾಕಿ ಎಳೆಯಬಹುದು. ಎದೆಯ ರಿಂಗಿಗೆ ಹಾಕಿದರೆ ಎಳೆದಾಗ ಅವನ ಮೈ ನಿಮ್ಮ ಕಡೆಗೆ ತಿರುಗುತ್ತದೆ. ಪಟ್ಟಿಯ ಕೆಳಗೆ ಎರಡು ಬೆರಳು ಹೋಗುವಷ್ಟು ಸಡಿಲ ಇರಲಿ. ಹವಾಯಿ ಚಪ್ಪಲಿಯಲ್ಲಿ ಹೋಗಬೇಡಿ, ಶೂ ಅಥವಾ ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಹಾಕಿ. ಲೀಶನ್ನು ಸೊಂಟಕ್ಕೆ ಕಟ್ಟಿಕೊಳ್ಳುವವರಿದ್ದಾರೆ, ನಿಮಗೆ ಅದು ಬೇಡವೇ ಬೇಡ.

ಈಗ ಕೈಯ ಪಾಠ. ಮೊದಲ ನಾಲ್ಕೈದು ದಿನ ಬ್ರೂನೋ ಇಲ್ಲದೆ ಮಾಡಿ. ದಯವಿಟ್ಟು ಇದನ್ನು ಬಿಟ್ಟು ಮುಂದೆ ಹೋಗಬೇಡಿ.

ಬ್ರೂನೋ ನಿಮ್ಮ ಎಡಕ್ಕೆ ನಡೆಯುತ್ತಾನೆ ಅಂದುಕೊಳ್ಳಿ. ಲೀಶಿನ ಹಿಡಿಯ ಕುಣಿಕೆಯನ್ನು ಬಲಗೈಯ ಹೆಬ್ಬೆರಳಿಗೆ ಸಿಕ್ಕಿಸಿ, ಮಣಿಕಟ್ಟಿಗಲ್ಲ. ಲೀಶ್ ಅಂಗೈ ಮೇಲೆ ಅಡ್ಡ ಬರಲಿ, ಬೆರಳು ಮುಚ್ಚಿ ಮುಷ್ಟಿ ಮಾಡಿ. ಈ ಮುಷ್ಟಿ ಹೊಕ್ಕಳ ಹತ್ತಿರ, ಮೈಗೆ ತಾಗಿಕೊಂಡೇ ಇರಬೇಕು. ಹಿಡಿದಿಟ್ಟುಕೊಳ್ಳುವುದು ಬಲಗೈಯ ಕೆಲಸ, ಅದು ಅಲ್ಲಾಡುವುದಿಲ್ಲ. ಎಡಗೈ ಲೀಶಿನ ಮೇಲೆ ಹಗುರವಾಗಿ, ತೊಡೆಯ ಹತ್ತಿರ ಇರಲಿ. ಸಡಿಲ ಬಿಡುವುದು, ಹತ್ತಿರ ಮಾಡುವುದು, ದಾರಿ ತೋರಿಸುವುದು ಎಡಗೈಯ ಕೆಲಸ. ಹೆಚ್ಚಾದ ಉದ್ದವನ್ನು ಮಡಿಕೆ ಮಡಿಕೆಯಾಗಿ ಮುಷ್ಟಿಯೊಳಗೆ ಹಿಡಿಯಿರಿ. ಮಡಿಸಿದ್ದು ಬೇಕಾದಾಗ ಜಾರಿ ಬಿಡುತ್ತದೆ, ಸುತ್ತಿದ್ದು ಬಿಡುವುದಿಲ್ಲ. ಸರಿಯಾಗಿ ಹಿಡಿದಿದ್ದರೆ ನಿಮ್ಮ ಎಡಗೈಗೂ ನಾಯಿಗೂ ನಡುವೆ ಲೀಶ್ ಸ್ವಲ್ಪ ಜೋತುಬಿದ್ದಿರುತ್ತದೆ. ಇಡೀ ವಾಕಿಂಗ್‌ನಲ್ಲಿ ನೀವು ಕಾಪಾಡಬೇಕಾದದ್ದು ಆ ಜೋತುಬಿದ್ದ ಭಾಗವನ್ನು.

ಲೀಶಿನ ಕೊಕ್ಕೆಯನ್ನು ಒಂದು ಪ್ಲಾಸ್ಟಿಕ್ ಕುರ್ಚಿಯ ಕಾಲಿಗೆ ಹಾಕಿ. ಕುರ್ಚಿ ಒಂಚೂರೂ ಅಲುಗದಂತೆ ಅದರ ಸುತ್ತ ನಡೆಯಿರಿ. ಹತ್ತಿರ ಬನ್ನಿ, ದೂರ ಹೋಗಿ, ದಿಕ್ಕು ಬದಲಿಸಿ. ಹತ್ತಿರ ಬರುವಾಗ ಲೀಶನ್ನು ಒಳಗೆ ತೆಗೆದುಕೊಳ್ಳಬೇಕು, ದೂರ ಹೋಗುವಾಗ ಬಿಡಬೇಕು. ಬಾವಿಯಿಂದ ನೀರು ಸೇದಿದವರಿಗೆ ಈ ಕೈಚಳಕ ಹೊಸದಲ್ಲ. ಒಂದು ಕೈ ಹಿಡಿದಿರುತ್ತದೆ, ಇನ್ನೊಂದು ಮುಂದೆ ಹೋಗಿ ಹಗ್ಗ ತರುತ್ತದೆ, ಎರಡೂ ಕೈ ಒಟ್ಟಿಗೆ ಬಿಡುವುದಿಲ್ಲ. ಇಲ್ಲೂ ಅಷ್ಟೇ. ಮೊದಲ ದಿನ ಕುರ್ಚಿ ಎಳೆದುಕೊಂಡು ಬರುತ್ತದೆ. ಮೂರನೇ ದಿನಕ್ಕೆ ಕೈ ತಾನೇ ಲೆಕ್ಕ ಹಾಕತೊಡಗುತ್ತದೆ.

ಆಮೇಲೆ ಯಜಮಾನರನ್ನು ಕರೆಯಿರಿ. ಕೊಕ್ಕೆ ಅವರ ಕೈಯಲ್ಲಿರಲಿ. ನೀವು ನಡೆಯುತ್ತಿರುವಾಗ ಅವರು ಹೇಳದೆ ಕೇಳದೆ ಮುಂದೆ ಎಳೆಯಲಿ. ಮೊದಲು ಮೆತ್ತಗೆ, ಬರಬರುತ್ತ ಜೋರಾಗಿ. ಎಳೆತ ಬಂದ ಕ್ಷಣ ನೀವು ಮಾಡಬೇಕಾದದ್ದು ಇಷ್ಟು: ಎರಡೂ ಕೈ ಹೊಕ್ಕಳಿಗೆ, ಒಂದು ಕಾಲು ಹಿಂದೆ, ಮೊಣಕಾಲು ಸ್ವಲ್ಪ ಬಗ್ಗಿಸಿ, ಉಸಿರು ಬಿಡಿ. ತೋಳು ಚಾಚಿಕೊಂಡಿದ್ದರೆ ಎಳೆತ ಭುಜಕ್ಕೆ ಹೋಗುತ್ತದೆ, ಮೈ ಮುಂದೆ ಮುಗ್ಗರಿಸುತ್ತದೆ. ಕೈ ಮೈಗೆ ಅಂಟಿದ್ದರೆ ಇಡೀ ಮೈ ಎಳೆತವನ್ನು ತಡೆಯುತ್ತದೆ. ನೀವು ಹೋದ ತಿಂಗಳು ಬಿದ್ದಾಗ ತೋಳು ಚಾಚಿಕೊಂಡೇ ಇದ್ದಿರಬೇಕು ಅಂತ ನನ್ನ ಅಂದಾಜು.

ನಿಲ್ಲಿಸುವುದಕ್ಕೂ ಒಂದು ಕ್ರಮ ಇದೆ. ಎಡಗೈಯಲ್ಲಿ ಲೀಶನ್ನು ಸ್ವಲ್ಪ ಸ್ವಲ್ಪ ಬಿಗಿ ಮಾಡುತ್ತ, ನಡಿಗೆ ನಿಧಾನ ಮಾಡುತ್ತ, ಎರಡು ಮೂರು ಹೆಜ್ಜೆಯಲ್ಲಿ ನಿಲ್ಲಿ. ನಿಂತ ಮೇಲೆ ತಕ್ಷಣ ಸಡಿಲ ಬಿಡಿ. ಈ ಸಡಿಲ ಬಿಡುವುದನ್ನು ಬಹಳ ಜನ ಮರೆಯುತ್ತಾರೆ. ಬಿಗಿ ಹಿಡಿದೇ ನಿಂತರೆ ನಾಯಿಯೂ ಒರಗಿಕೊಂಡು ಎಳೆಯುತ್ತಲೇ ನಿಲ್ಲುತ್ತದೆ. ಎದುರು ಬಲ ಇಲ್ಲದಿದ್ದರೆ ಎಳೆಯುವುದಕ್ಕೆ ಅವನಿಗೂ ಏನೂ ಸಿಗುವುದಿಲ್ಲ.

ಇಷ್ಟಾದ ಮೇಲೆ ಬ್ರೂನೋ. ಕಾಂಪೌಂಡಿನೊಳಗೆ ಅಥವಾ ಟೆರೇಸ್ ಮೇಲೆ, ಹತ್ತು ನಿಮಿಷ, ದಿನಕ್ಕೆ ಎರಡು ಸಲ. ಕಡಲೆಕಾಳಿನಷ್ಟು ತಿಂಡಿ ಇಟ್ಟುಕೊಳ್ಳಿ. ಉಪ್ಪು ಮಸಾಲೆ ಹಾಕದೆ ಬೇಯಿಸಿದ ಕೋಳಿ, ಬೇಯಿಸಿದ ಮೊಟ್ಟೆ, ಪನೀರ್, ಕ್ಯಾರೆಟ್, ಯಾವುದಾದರೂ ಸರಿ. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಚಾಕೊಲೇಟ್ ನಾಯಿಗೆ ವಿಷ, ಮರೆಯಬೇಡಿ. ಎಡಗಾಲಿನ ಪಕ್ಕ ಬಂದಾಗ, ಲೀಶ್ ಸಡಿಲ ಇದ್ದಾಗ, ನಿಮ್ಮ ತೊಡೆಯ ಹತ್ತಿರವೇ ಕೊಡಿ. ಮುಂದೆ ಕೈ ಚಾಚಿ ಕೊಟ್ಟರೆ ಮುಂದೆ ಹೋಗುವುದನ್ನೇ ಕಲಿಯುತ್ತಾನೆ. ಮೊದಮೊದಲು ಹೆಜ್ಜೆಗೊಂದು, ಆಮೇಲೆ ಮೂರು ಹೆಜ್ಜೆಗೊಂದು, ಹತ್ತಕ್ಕೊಂದು. ಕೊಟ್ಟಷ್ಟನ್ನೂ ದಿನದ ಊಟದಲ್ಲಿ ಕಡಿಮೆ ಮಾಡಿ, ಲ್ಯಾಬ್ರಡಾರ್‌ಗಳು ಬೇಗ ದಪ್ಪಗಾಗುತ್ತವೆ.

ಲೀಶ್ ಬಿಗಿಯಾದರೆ ನಿಲ್ಲಿ. ಏನೂ ಹೇಳಬೇಡಿ, ಹಿಂದಕ್ಕೂ ಎಳೆಯಬೇಡಿ. ಅವನು ತಿರುಗಿ ನೋಡುತ್ತಾನೆ ಅಥವಾ ಒಂದು ಹೆಜ್ಜೆ ಹಿಂದೆ ಬರುತ್ತಾನೆ, ಲೀಶ್ ಸಡಿಲವಾಗುತ್ತದೆ. "ಜಾಣ" ಅನ್ನಿ, ಮುಂದೆ ನಡೆಯಿರಿ. ಮನೆಯಲ್ಲಿ ಎಲ್ಲರೂ ಹೀಗೇ ಮಾಡಬೇಕು. ನೀವು ನಿಲ್ಲುವುದು, ಯಜಮಾನರು ಎಳೆಸಿಕೊಂಡು ಹೋಗುವುದು ಆದರೆ ಬ್ರೂನೋ ಎಳೆಯುವುದನ್ನು ಬಿಡುವುದಿಲ್ಲ. ಯಾವಾಗಲೋ ಒಮ್ಮೆ ಫಲ ಸಿಗುವ ಅಭ್ಯಾಸ ಬಹಳ ಗಟ್ಟಿ.

ಇದರ ಜೊತೆಗೇ "ಬಾ ಹೋಗೋಣ" ಅನ್ನುವುದನ್ನು ಕಲಿಸಿ. ನಡೆಯುತ್ತಿರುವಾಗ ಖುಷಿಯ ದನಿಯಲ್ಲಿ ಹೇಳಿ, ಅವನಿಂದ ಆಚೆಗೆ ಪೂರ್ತಿ ತಿರುಗಿ ಬೇಗ ಬೇಗ ನಾಲ್ಕು ಹೆಜ್ಜೆ ಹಾಕಿ, ಪಕ್ಕಕ್ಕೆ ಬಂದಾಗ ಎರಡು ಮೂರು ತುಣುಕು ಕೊಡಿ. ಏನೂ ಇಲ್ಲದಾಗ ದಿನಾ ಮಾಡಬೇಕು. ಅಪಾಯ ಬಂದಾಗ ಮಾತ್ರ ಹೇಳಿದರೆ ಆ ಮಾತೇ ಅಪಾಯದ ಸುಳಿವಾಗುತ್ತದೆ. ಬೀದಿಯಲ್ಲಿ ನಿಮ್ಮನ್ನು ಎಲ್ಲಕ್ಕಿಂತ ಹೆಚ್ಚು ಕಾಪಾಡುವುದು ಇದೇ.

ಬೀದಿಗೆ ಇಳಿಯುವ ದಿನ ಸಾಲಗಾಮೆ ರಸ್ತೆಯ ಕಡೆಗೋ ಮಹಾರಾಜ ಪಾರ್ಕಿನ ಸುತ್ತಮುತ್ತಲೋ ಹೋಗಬೇಡಿ. ಬಸ್ಸು, ಬೈಕು, ವಾಕಿಂಗ್ ಜನ, ಎಲ್ಲ ಒಟ್ಟಿಗೆ ಎದುರಾದರೆ ಇಬ್ಬರಿಗೂ ಕಷ್ಟ. ನಿಮ್ಮ ಮನೆಯ ಮುಂದಿನ ಅಡ್ಡರಸ್ತೆ ಸಾಕು. ಒಂದೇ ರಸ್ತೆಯಲ್ಲಿ ಹೋಗಿ ಬಂದು ಮಾಡಿ, ಹದಿನೈದು ನಿಮಿಷ. ಅದರಲ್ಲಿ ಅರ್ಧ ಹೊತ್ತು ಅವನು ಮೂಸಿಕೊಂಡು ನಿಲ್ಲಲಿ. ದೂರ ನಡೆಯುವುದಕ್ಕಿಂತ ಮೂಸುವುದರಿಂದ ನಾಯಿಯ ಮನಸ್ಸು ಜಾಸ್ತಿ ತಣಿಯುತ್ತದೆ. ದಿನವಿಡೀ ಕಟ್ಟಿಹಾಕುತ್ತಿದ್ದರೆ ಮೊದಲು ಅದನ್ನು ಬಿಡಿಸಿ. ಇಪ್ಪತ್ತು ಗಂಟೆ ಚೈನಿನಲ್ಲಿದ್ದ ನಾಯಿ ಗೇಟು ತೆರೆದಾಗ ಶಾಂತವಾಗಿ ನಡೆಯಲಿ ಅಂತ ಬಯಸುವುದು ನ್ಯಾಯ ಅಲ್ಲ.

ಬೀದಿ ನಾಯಿಗಳಿಗೂ ವೇಳಾಪಟ್ಟಿ ಇದೆ. ಕಸ ಹೊರಗಿಡುವ ಹೊತ್ತು, ಅನ್ನ ಹಾಕುವ ಮನೆಗಳ ಮುಂದೆ, ಭಾನುವಾರ ಮಾಂಸದ ಅಂಗಡಿಗಳ ಹತ್ತಿರ ಗುಂಪು ಕೂಡುತ್ತವೆ. ಒಂದು ವಾರ ಒಬ್ಬರೇ ನಡೆದು, ಯಾವ ಗುಂಪು ಎಲ್ಲಿಂದ ಎಲ್ಲಿಯವರೆಗೆ ಅಂತ ನೋಡಿಕೊಳ್ಳಿ. ಹೆಚ್ಚಿನವು ತಮ್ಮ ಜಾಗದ ಗಡಿಯವರೆಗೆ ಬೊಗಳುತ್ತ ಬಂದು ಅಲ್ಲೇ ನಿಲ್ಲುತ್ತವೆ. ಕಿವಿಯ ತುದಿಯಲ್ಲಿ ಕತ್ತರಿಸಿದ ಗುರುತು ಇದ್ದರೆ ಸಂತಾನಹರಣ ಆಗಿದೆ ಅಂತ ಅರ್ಥ. ಮರಿ ಹಾಕಿರುವ ಹೆಣ್ಣು ನಾಯಿ ಇದ್ದ ರಸ್ತೆಯನ್ನು ಕೆಲವು ವಾರ ಪೂರ್ತಿ ಬಿಟ್ಟುಬಿಡಿ.

ಈಗ ಮುಖ್ಯವಾದ ಕೆಲಸ. ಬ್ರೂನೋ ಇನ್ನೊಂದು ನಾಯಿಯನ್ನು ನೋಡಿಯೂ ನಿಮ್ಮ ಕೈಯಿಂದ ತಿಂಡಿ ತಿನ್ನುವಷ್ಟು ದೂರ ಎಲ್ಲಿದೆ ಅಂತ ಕಂಡುಹಿಡಿಯಿರಿ. ಅದು ನೂರು ಅಡಿ ಇರಬಹುದು, ಇನ್ನೂ ಜಾಸ್ತಿ ಇರಬಹುದು. ತಿಂಡಿ ಮೂಗಿಗೆ ಹಿಡಿದರೂ ಬೇಡ ಅಂದರೆ ಹತ್ತಿರ ಆಯಿತು ಅಂತ ಅರ್ಥ, ಹಿಂದೆ ಬನ್ನಿ. ಆ ದೂರದಲ್ಲಿ ನಿಂತು, ಲೀಶ್ ಸಡಿಲ ಬಿಟ್ಟು, ಅವನು ನಾಯಿಯನ್ನು ನೋಡಿದ ಕೂಡಲೇ ಒಂದು ತುಣುಕು. ನೋಡಿದ, ತುಣುಕು. ಆ ನಾಯಿ ಮರೆಯಾಯಿತು, ತುಣುಕು ನಿಂತಿತು. ಕೆಲವು ದಿನದಲ್ಲಿ ನಾಯಿ ಕಂಡ ತಕ್ಷಣ ಬ್ರೂನೋ ನಿಮ್ಮ ಮುಖ ನೋಡುತ್ತಾನೆ. ಬೊಗಳುವ ನಾಯಿಗೆ ತಿಂಡಿ ಕೊಟ್ಟರೆ ಬೊಗಳುವುದನ್ನೇ ಕಲಿಯುವುದಿಲ್ಲವಾ ಅಂತ ಕೇಳುತ್ತಾರೆ. ಇಲ್ಲ. ಇಲ್ಲಿ ಬದಲಾಗುತ್ತಿರುವುದು ಒಳಗಿನ ಭಾವನೆ. ಊಟದ ಸೂಚನೆ ಸಿಕ್ಕ ಕೂಡಲೇ ನಾಯಿಗಳ ಬಾಯಲ್ಲಿ ನೀರೂರುವುದನ್ನು ರಷ್ಯದ ಪಾವ್ಲೋವ್ ತೋರಿಸಿ ನೂರು ವರ್ಷದ ಮೇಲಾಯಿತು. ನಾವು ಅದನ್ನೇ ಬಳಸುತ್ತಿದ್ದೇವೆ. ಮುಖಾಮುಖಿ ಮಾಡಿಸಿ "ಫ್ರೆಂಡ್ಸ್ ಆಗಲಿ" ಅಂತ ಮಾತ್ರ ಬಿಡಬೇಡಿ. ನಾಯಿಗಳು ತಾವಾಗಿ ಭೇಟಿಯಾಗುವಾಗ ನೇರ ಬಾರದೆ ಸುತ್ತಿ ಬಳಸಿ, ಪಕ್ಕದಿಂದ ಬಂದು ಮೂಸುತ್ತವೆ. ಲೀಶಿನಲ್ಲಿ ಅದಕ್ಕೆ ಜಾಗ ಇರುವುದಿಲ್ಲ, ನೇರ ಎದುರಾಗುವುದು ಅವಕ್ಕೆ ಸವಾಲಿನಂತೆ ಕಾಣುತ್ತದೆ.

ಬಿಡುವಾಗಿ ಓಡಾಡುವ ನಾಯಿಯೇ ನಿಮ್ಮ ಕಡೆ ಬಂದರೆ? ಓಡಬೇಡಿ. ಅದರ ಕಣ್ಣಿಗೆ ಕಣ್ಣಿಟ್ಟು ನೋಡಬೇಡಿ. "ಬಾ ಹೋಗೋಣ" ಅಂದು ತಿರುಗಿ, ಸಮನಾದ ಹೆಜ್ಜೆಯಲ್ಲಿ ಹೊರಡಿ, ನೀವು ಎರಡು ನಾಯಿಗಳ ನಡುವೆ ಇರುವಂತೆ ನೋಡಿಕೊಳ್ಳಿ. ಇನ್ನೂ ಹಿಂದೆ ಬಂದರೆ ಒಂದು ಹಿಡಿ ತಿಂಡಿಯನ್ನು ಅದರ ಮುಖದ ಕಡೆಗೆ ನೆಲದಲ್ಲಿ ಚೆಲ್ಲಿ, ಅದು ತಿನ್ನುವಷ್ಟರಲ್ಲಿ ಮುಂದೆ ಹೋಗಿ. ನಮ್ಮಲ್ಲಿ ಕಲ್ಲು ಎತ್ತಿಕೊಳ್ಳುವಂತೆ ಬಗ್ಗುವ ಅಭ್ಯಾಸ ಇದೆ. ಒಂಟಿ ನಾಯಿ ಓಡಬಹುದು. ಆದರೆ ಗುಂಪು ಇನ್ನಷ್ಟು ಕೆರಳುತ್ತದೆ, ಬ್ರೂನೋ ಕೂಡ ಗಾಬರಿಯಾಗುತ್ತಾನೆ. ನನಗೆ ಕೋಲಿಗಿಂತ ಕೊಡೆ ಮೇಲು. ನಾಯಿಯ ಕಡೆಗೆ ಹಿಡಿದು ಬಿಚ್ಚಿದರೆ ನಡುವೆ ಗೋಡೆ ಬಂದಂತಾಗುತ್ತದೆ. ಮಳೆಗಾಲದಲ್ಲಿ ಹೇಗೂ ಕೈಯಲ್ಲಿರುತ್ತದೆ. ಆದರೆ ಮೊದಲು ಮನೆಯಲ್ಲಿ ಕೊಡೆ ಬಿಚ್ಚಿ, ತಿಂಡಿ ಕೊಟ್ಟು ಬ್ರೂನೋಗೆ ರೂಢಿ ಮಾಡಿಸಿ. ಕೊನೆಗೆ ನೀವು ಬೀಳುವ ಹಾಗಾದರೆ ಲೀಶ್ ಬಿಟ್ಟುಬಿಡಿ. ಹೆಬ್ಬೆರಳಿನ ಕುಣಿಕೆ ಇರುವುದೇ ಅದಕ್ಕೆ, ಕೈ ತೆರೆದರೆ ಜಾರುತ್ತದೆ.

ರೇಬೀಸ್ ಲಸಿಕೆ ವರ್ಷಕ್ಕೊಮ್ಮೆ ತಪ್ಪಬಾರದು. ಯಾವ ನಾಯಿ ಕಚ್ಚಿದರೂ, ಪರಚಿದರೂ ಗಾಯವನ್ನು ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಯಿರಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ ಏನೂ ಹಚ್ಚಬೇಡಿ. ಈ ಅಭ್ಯಾಸ ಶುರು ಮಾಡುವ ಮೊದಲು ಬ್ರೂನೋನನ್ನು ಒಮ್ಮೆ ಪಶುವೈದ್ಯರಿಗೆ ತೋರಿಸಿ. ನಿಮ್ಮೂರಲ್ಲೇ ಪಶುವೈದ್ಯಕೀಯ ಕಾಲೇಜು ಇದೆ. ಲ್ಯಾಬ್ರಡಾರ್‌ಗಳಲ್ಲಿ ಸೊಂಟದ ಕೀಲಿನ ತೊಂದರೆ, ಕಿವಿಯ ಸೋಂಕು ಸಾಮಾನ್ಯ. ನೋವಿರುವ ನಾಯಿ ಬೇಗ ಸಿಡುಕುತ್ತದೆ. ಹಾಸನಾಂಬೆಯ ಬಾಗಿಲು ತೆರೆಯುವ ದಿನಗಳಲ್ಲಿ, ದೀಪಾವಳಿಯ ಪಟಾಕಿ ಮುಗಿಯುವವರೆಗೆ, ಬೆಳಕು ಹರಿಯುವ ಹೊತ್ತಿಗೆ ಒಂದು ಚಿಕ್ಕ ಸುತ್ತು ಸಾಕು. ಸಂಜೆ ಬೇಡ.

ತೋಟದ ಮನೆಗೆ ಕೊಡುವ ಮಾತು. ಯಜಮಾನರಿಗೆ ನಿಮ್ಮ ಮೇಲಿನ ಕಾಳಜಿಯಿಂದ ಬಂದ ಮಾತು ಅದು, ನನಗೆ ಅರ್ಥವಾಗುತ್ತದೆ. ಆದರೆ ನನ್ನ ಅಭಿಪ್ರಾಯ ಕೇಳಿದರೆ ಬೇಡ. ಸಕಲೇಶಪುರ, ಆಲೂರು, ಬೇಲೂರಿನ ಕಡೆ ತೋಟಗಳಲ್ಲಿ ಎಷ್ಟೋ ನಾಯಿಗಳು ಹಗಲೆಲ್ಲ ಚೈನಿನಲ್ಲೇ ಇರುತ್ತವೆ, ರಾತ್ರಿ ಬಿಟ್ಟರೆ ಚಿರತೆಯ ಭಯ. ಬ್ರೂನೋ ಮನೆಯೊಳಗೆ ಬೆಳೆದವನು, ಜನ ಬೇಕು ಅವನಿಗೆ. ಅವನು ಈಗಾಗಲೇ ಒಂದು ಮನೆ, ಒಂದು ಊರು ಕಳೆದುಕೊಂಡಿದ್ದಾನೆ. ಅವನ ಎಳೆತದಲ್ಲಿ ಆ ಗಾಬರಿಯ ಪಾಲೂ ಇದ್ದರೆ ಆಶ್ಚರ್ಯವಿಲ್ಲ. ನಿಮ್ಮ ಕೈಗೆ ಭರವಸೆ ಬರುವವರೆಗೆ ವಾಕಿಂಗ್ ನಿಲ್ಲಿಸಿ, ಕಾಂಪೌಂಡಿನಲ್ಲಿ ಊಟವನ್ನು ಹುಲ್ಲಿನ ಮೇಲೆ ಚೆಲ್ಲಿ ಹುಡುಕಿಸಿ. ಅವನಿಗೆ ನಷ್ಟ ಏನೂ ಇಲ್ಲ.

ಅವನು ಯಾರನ್ನಾದರೂ ಕಚ್ಚಿದ್ದರೆ, ಕಚ್ಚುವಂತೆ ಹಲ್ಲು ತೋರಿಸಿದ್ದರೆ ಮಾತ್ರ ಇದನ್ನು ಒಬ್ಬರೇ ಮಾಡಬೇಡಿ. ಎದುರಿಗೆ ನೋಡಿ ಹೇಳುವವರೊಬ್ಬರು ಬೇಕು. ಇಲ್ಲದಿದ್ದರೆ ಮೂರು ವಾರ ಮಾಡಿ ನೋಡಿ, ಆಮೇಲೆ ನನಗೆ ಬರೆಯಿರಿ. ಎಷ್ಟು ಅಡಿ ದೂರದಲ್ಲಿ ಅವನು ತಿಂಡಿ ತೆಗೆದುಕೊಳ್ಳುತ್ತಾನೆ, "ಬಾ ಹೋಗೋಣ" ಅಂದಾಗ ಹತ್ತರಲ್ಲಿ ಎಷ್ಟು ಸಲ ತಿರುಗುತ್ತಾನೆ, ನಿಮ್ಮ ಮಣಿಕಟ್ಟು ಹೇಗಿದೆ, ಈ ಮೂರನ್ನು ತಿಳಿಸಿ. ದೂರವನ್ನು ಎಷ್ಟೆಷ್ಟು ಕಡಿಮೆ ಮಾಡುತ್ತ ಹೋಗಬೇಕು ಅಂತ ಅದನ್ನು ನೋಡಿ ಹೇಳುತ್ತೇನೆ.